ಬೆಳಗುವ ಮೊದಲು ಬಿಚ್ಚಿ ನೋಡಿ: ಸ್ಕ್ಯಾಂಡಿನೇವಿಯಾದ ಹಳೆ ಹಿತ್ತಾಳೆ ತೂಗುದೀಪ

ಹಿತ್ತಾಳೆ ಕಂಡರೆ ನಮ್ಮ ಕೈ ತಾನಾಗಿ ಹುಣಸೆಹಣ್ಣಿನ ಕಡೆ ಹೋಗುತ್ತದೆ. ದೇವರ ಮನೆಯ ದೀಪಕ್ಕೆ, ತಂಬಿಗೆಗೆ, ಹಂಡೆಗೆ ಅದು ಸರಿಯೇ. ಆದರೆ ಸ್ವೀಡನ್ನಿನಿಂದಲೋ ಫಿನ್‌ಲೆಂಡಿನಿಂದಲೋ ಬಂದ ಅರವತ್ತು ವರ್ಷದ ತೂಗುದೀಪವನ್ನು ಹಾಗೆ ಬೆಳಗಿದರೆ ಎರಡು ನಷ್ಟ. ಮೇಲಿನ ಲ್ಯಾಕರ್ (ಹೊಳಪು ಮಾಸದಂತೆ ಬಳಿದ ಪಾರದರ್ಶಕ ಲೇಪ) ತೇಪೆ ತೇಪೆಯಾಗಿ ಎದ್ದು ದೀಪ ಚಿರತೆಯ ಮೈಯಂತಾಗುತ್ತದೆ. ತೊಳೆದ ನೀರು ಒಳಗಿನ ವೈರಿಗೆ ಇಳಿಯುತ್ತದೆ. ಹೊಳಪು ಕೊನೆಯ ಕೆಲಸ. ಎಷ್ಟೋ ದೀಪಗಳಿಗೆ ಅದು ಬೇಕಾಗುವುದೇ ಇಲ್ಲ. ಮೊದಲು ನೋಡಬೇಕಾದ್ದು ವೈರು, ಅರ್ಥಿಂಗು, ತ್ರೆಡ್ಡು (ತಿರುಪಿನ ಗೆರೆ), ತೂಕ. ಕೆಳಗೆ ನಿಂತು ನೋಡಿದರೆ ಇದ್ಯಾವುದೂ ಕಾಣುವುದಿಲ್ಲ.

ಇಲ್ಲಿ ಹೇಳುತ್ತಿರುವುದು 1930ರಿಂದ 1970ರ ನಡುವೆ ಸ್ವೀಡನ್, ಫಿನ್‌ಲೆಂಡ್, ಡೆನ್ಮಾರ್ಕ್, ನಾರ್ವೆಗಳಲ್ಲಿ ತಯಾರಾದ ದೀಪಗಳ ಬಗ್ಗೆ. ಫಿನ್‌ಲೆಂಡನ್ನು ಸ್ಕ್ಯಾಂಡಿನೇವಿಯಾಕ್ಕೆ ಸೇರಿಸಬಾರದು ಎಂದು ಭೂಗೋಳ ಬಲ್ಲವರು ತಕರಾರು ಎತ್ತಬಹುದು. ದೀಪದ ವ್ಯಾಪಾರಿಗಳು ಆ ತಕರಾರನ್ನು ಕಿವಿಗೆ ಹಾಕಿಕೊಂಡವರಲ್ಲ.

ಡಿಸೆಂಬರ್ ಕೊನೆಯಲ್ಲಿ ಸ್ಟಾಕ್‌ಹೋಮಿನಲ್ಲಿ ಹಗಲು ಇರುವುದು ಸುಮಾರು ಆರು ಗಂಟೆ. ಅಂಥ ಕಡೆ ದೀಪದ ಕೆಳಗೆ ಕಳೆಯುವ ಹೊತ್ತು ಹೆಚ್ಚು. ಹಾಗಾಗಿ ಬಲ್ಬು ನೇರವಾಗಿ ಕಣ್ಣಿಗೆ ಚುಚ್ಚಬಾರದು, ಬೆಳಕು ಮಾತ್ರ ಮೇಜಿನ ಮೇಲೆ ಬೀಳಬೇಕು ಎಂಬುದನ್ನು ಅಲ್ಲಿನವರು ಪಟ್ಟು ಹಿಡಿದು ಸಾಧಿಸಿದರು. ಡೆನ್ಮಾರ್ಕಿನ ಪೌಲ್ ಹೆನ್ನಿಂಗ್‌ಸೆನ್ 1920ರ ದಶಕದಲ್ಲೇ ಒಂದರ ಕೆಳಗೊಂದು ಬಟ್ಟಲು ಜೋಡಿಸಿ ಬಲ್ಬನ್ನು ಪೂರ್ತಿ ಮರೆಮಾಡುವ ಲೆಕ್ಕ ಹಾಕಿದರು. ಫಿನ್‌ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ 1937ರಲ್ಲಿ ಹೆಲ್ಸಿಂಕಿಯ ಸವೊಯ್ ರೆಸ್ಟೊರೆಂಟಿಗೆ ಮಾಡಿದ ಗಂಟೆಯಾಕಾರದ ಹಿತ್ತಾಳೆ ದೀಪ ‘ಗೋಲ್ಡನ್ ಬೆಲ್’ ಎಂಬ ಹೆಸರಲ್ಲಿ ಇವತ್ತಿಗೂ ಮಾರಾಟಕ್ಕಿದೆ. ಹಿತ್ತಾಳೆ ತಗಡಿಗೆ ಸಾಲುಸಾಲಾಗಿ ಸಣ್ಣ ತೂತು ಹೊಡೆದು, ಬೆಳಕನ್ನು ಜರಡಿ ಹಿಡಿದಂತೆ ಸೋಸುವ ದೀಪಗಳಿಗೆ ಹೆಸರಾದವರು ಫಿನ್‌ಲೆಂಡಿನ ಪಾವೊ ಟುನೆಲ್ (1890–1973). ಅವರ ಟೈಟೊ ಕಂಪನಿ ಶುರುವಾದದ್ದು 1918ರಲ್ಲಿ. ಸ್ವೀಡನ್ನಿನಲ್ಲಿ ಮಾರ್ಕರಿಡ್ ಊರಿನ ಹಾನ್ಸ್-ಆಗ್ನೆ ಯಾಕೊಬ್ಸನ್ (1919–2009), ಒಹುಸ್ ಊರಿನ ಅಟೆಲ್ಯೆ ಲಿಕ್ತಾನ್ ಕಂಪನಿಯ ಹಾನ್ಸ್ ಬೆರ್ಗ್‌ಸ್ಟ್ರೋಮ್ ಪ್ರಮುಖರು.

ಈ ಹೆಸರುಗಳಿದ್ದರೆ ಬೆಲೆ ಗಗನಕ್ಕೇರುತ್ತದೆ. ಮನೆಯಲ್ಲಿ ತೂಗುಹಾಕಿ ಬಳಸುವುದೇ ಉದ್ದೇಶವಾದರೆ ಹೆಸರಿಲ್ಲದ ದೀಪವನ್ನೇ ಕೊಳ್ಳಿ. ಅದೇ ಕಾಲದ ಸಣ್ಣ ಕಾರ್ಖಾನೆಗಳು ಅದೇ ದಪ್ಪದ ತಗಡಿನಲ್ಲಿ, ಅದೇ ಹೋಲ್ಡರ್ ಬಳಸಿ ಮಾಡಿದ ದೀಪಗಳು ಹತ್ತರಲ್ಲೊಂದು ಬೆಲೆಗೆ ಸಿಗುತ್ತವೆ. ಸ್ವೀಡನ್ನಿನಲ್ಲಿ ಇರುವವರು ‘ಲೊಪ್ಪಿಸ್’ ಎಂದು ಬರೆದ ಬೋರ್ಡು ಹುಡುಕಬೇಕು. ಹಾಗೆಂದರೆ ಹಳೆ ಸಾಮಾನಿನ ಸಂತೆ. ಆನ್‌ಲೈನಿನಲ್ಲಿ ಬ್ಲೊಕೆಟ್ ಮತ್ತು ಟ್ರಾಡೆರಾ ಇವೆ, ಫಿನ್‌ಲೆಂಡಿನವರಿಗೆ ತೊರಿ ಇದೆ.

ಕೊಳ್ಳುವಾಗ ಏನು ನೋಡಬೇಕು

ಜೇಬಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇರಲಿ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಣ, ಆಯಸ್ಕಾಂತ ಅದಕ್ಕೆ ಅಂಟುವುದಿಲ್ಲ. ಶೇಡಿಗೆ ಗಟ್ಟಿಯಾಗಿ ಅಂಟಿಕೊಂಡಿತೋ, ಅದು ಹಿತ್ತಾಳೆ ಬಣ್ಣದ ಲೇಪ ಹಾಕಿದ ಉಕ್ಕು. ಆದರೆ ನಡುವಿನ ಕೊಳವೆಗೆ ಮಾತ್ರ ಅಂಟಿದರೆ ಗಾಬರಿ ಬೇಡ. ತೂಕ ಹೊರುವ ಒಳಗಿನ ತ್ರೆಡ್ ಪೈಪನ್ನು ಹಳಬರೂ ಉಕ್ಕಿನಲ್ಲೇ ಮಾಡುತ್ತಿದ್ದರು.

ಆಮೇಲೆ ಸೀಲಿಂಗಿಗೆ ಒತ್ತಿ ಕೂರುವ ಬಟ್ಟಲಿನ ಒಳಗೆ, ಹೋಲ್ಡರಿನ ಮೂತಿಯ ಹತ್ತಿರ ಟಾರ್ಚು ಬಿಡಿ. ಕಂಪನಿಯ ಮುದ್ರೆ, ಮಾದರಿ ಸಂಖ್ಯೆ ಇರುವುದು ಅಲ್ಲೇ. ವೃತ್ತದೊಳಗೆ ‘ಎಸ್’ ಇದ್ದರೆ ಅದು ಸ್ವೀಡನ್ನಿನ ಸೆಮ್ಕೊ ಸಂಸ್ಥೆಯ ವಿದ್ಯುತ್ ಸುರಕ್ಷತಾ ಪರೀಕ್ಷೆಯ ಗುರುತು. ‘ಡಿ’ ಡೆನ್ಮಾರ್ಕಿನದು, ‘ಎನ್’ ನಾರ್ವೆಯದು, ‘ಎಫ್‌ಐ’ ಫಿನ್‌ಲೆಂಡಿನದು. ಒಂದೇ ಹೋಲ್ಡರಿನ ಮೇಲೆ ನಾಲ್ಕೂ ಇರುವುದುಂಟು. ಯುರೋಪಿನ ನಿಯಮಕ್ಕೆ ಒಪ್ಪುತ್ತದೆ ಎನ್ನುವ ‘ಸಿಇ’ ಗುರುತು ಕಂಡರೆ ಮಾತ್ರ ನಿಂತು ಯೋಚಿಸಿ, ಅದು ಬಳಕೆಗೆ ಬಂದದ್ದು 1990ರ ದಶಕದಲ್ಲಿ. ಹೋಲ್ಡರಿನ ಮೇಲೆ ಮಾತ್ರ ಇದ್ದರೆ ಯಾರೋ ಹೋಲ್ಡರ್ ಬದಲಿಸಿದ್ದಾರೆ, ಒಳ್ಳೆಯದೇ ಆಯಿತು. ದೀಪದ ಮೈಮೇಲೆ ಅಂಟಿಸಿದ ಚೀಟಿಯಲ್ಲೇ ಇದ್ದರೆ ‘1950ರ ದೀಪ’ ಎಂಬ ಮಾತು ಸುಳ್ಳು.

ಭಾರತದಲ್ಲಿ ‘ಸ್ಕ್ಯಾಂಡಿನೇವಿಯನ್ ವಿಂಟೇಜ್’ ಹೆಸರಲ್ಲಿ ಮಾರುವವುಗಳ ಬಗ್ಗೆ ಒಂದು ಮಾತು. ಉತ್ತರ ಪ್ರದೇಶದ ಮೊರಾದಾಬಾದ್ ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು, ಅಲ್ಲಿನ ದೀಪಗಳು ಪ್ರಪಂಚಕ್ಕೆಲ್ಲ ರಫ್ತಾಗುತ್ತವೆ. ಅಲ್ಲಿ ತಯಾರಾದ ಹೊಸ ದೀಪ ಕೊಳ್ಳುವುದು ತಪ್ಪೇನಲ್ಲ, ವೈರಿಂಗ್ ದೃಷ್ಟಿಯಿಂದ ಅದೇ ನೆಮ್ಮದಿ. ಹೊಸದಕ್ಕೆ ಹಳೆಯದರ ಬೆಲೆ ಕೊಡಬೇಡಿ, ಅಷ್ಟೇ.

ಕೊನೆಯದಾಗಿ ಸೀಳು. ಹಿತ್ತಾಳೆ ತಗಡನ್ನು ಲೇತಿಗೆ ಕಟ್ಟಿ, ತಿರುಗುವಾಗಲೇ ಅಚ್ಚಿಗೆ ಒತ್ತಿ ಶೇಡಿನ ಆಕಾರ ಕೊಡುತ್ತಾರೆ. ಹಾಗೆ ಬಗ್ಗಿಸಿದ ಒತ್ತಡ ಲೋಹದೊಳಗೆ ಉಳಿದುಬಿಡುತ್ತದೆ. ಆ ಒತ್ತಡದ ಜೊತೆ ಅಮೋನಿಯ ಮತ್ತು ತೇವ ಸೇರಿದರೆ ಶೇಡಿನ ಅಂಚಿನಿಂದ ಮೇಲಕ್ಕೆ ಕೂದಲೆಳೆಯಂಥ ಸೀಳು ಬಿಡುತ್ತದೆ. ಇದನ್ನು ಲೋಹ ಪಂಡಿತರು ಮೊದಲು ಗಮನಿಸಿದ್ದು ದೀಪದಲ್ಲಲ್ಲ, ನಮ್ಮ ದೇಶದಲ್ಲಿದ್ದ ಬ್ರಿಟಿಷ್ ಸೈನ್ಯದ ತೋಟಾಗಳಲ್ಲಿ. ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ತಾವಾಗಿ ಸೀಳುತ್ತಿದ್ದವು. ಕುದುರೆ ಮೂತ್ರದ ಅಮೋನಿಯವೇ ಕಾರಣ ಎಂದು ಗೊತ್ತಾದದ್ದು 1921ರಲ್ಲಿ. ಕಿಟಕಿ ಗಾಜು ಒರೆಸುವ ಎಷ್ಟೋ ದ್ರವಗಳಲ್ಲಿ, ಕೆಲವು ಲೋಹದ ಪಾಲಿಶ್‌ಗಳಲ್ಲಿ ಇದೇ ಅಮೋನಿಯ ಇದೆ. ಶೇಡನ್ನು ಉಗುರಿನಿಂದ ಮೆಲ್ಲಗೆ ತಟ್ಟಿ: ಗಟ್ಟಿ ಇದ್ದರೆ ತಟ್ಟೆಯಂತೆ ನಾದ ಎಳೆಯುತ್ತದೆ, ಸೀಳಿದ್ದರೆ ಒಡೆದ ಗಡಿಗೆಯ ಹಾಗೆ ‘ಟಕ್’ ಅಂದು ನಿಲ್ಲುತ್ತದೆ. ಸೀಳಿದ್ದನ್ನು ಕೊಳ್ಳಬೇಡಿ. ಬೆಸುಗೆ ಹಾಕಿದರೆ ಪಕ್ಕದಲ್ಲಿ ಮತ್ತೆ ಸೀಳಬಹುದು. ತಗ್ಗು ಬಿದ್ದಿದ್ದರೆ ಚಿಂತೆಯಿಲ್ಲ, ಪಾತ್ರೆ ಕೆಲಸ ಬಲ್ಲವರು ಒಳಗಿನಿಂದ ಮರದ ಸುತ್ತಿಗೆಯಲ್ಲಿ ಎತ್ತಿಕೊಡುತ್ತಾರೆ.

ಊರಿಗೆ ತರುವುದಾದರೆ ಬಬಲ್ ರ‍್ಯಾಪನ್ನು ನೇರವಾಗಿ ಹಿತ್ತಾಳೆಗೆ ಸುತ್ತಬೇಡಿ. ಕೆಲವೇ ವಾರದಲ್ಲಿ ಗುಳ್ಳೆ ಗುಳ್ಳೆ ಗುರುತು ಮೂಡುತ್ತದೆ, ಅದು ಉಜ್ಜಿದರೂ ಹೋಗದು. ಹಳೆ ಹತ್ತಿ ಪಂಚೆ ಸುತ್ತಿ, ಅದರ ಮೇಲೆ ಬಬಲ್ ಸುತ್ತಿ. ರಬ್ಬರ್ ಬ್ಯಾಂಡೂ ಬೇಡ, ಅದರಲ್ಲಿರುವ ಗಂಧಕ ಕಪ್ಪು ಪಟ್ಟೆ ಬರೆಯುತ್ತದೆ.

ವೈರು: ಇಲ್ಲಿ ಜಿಪುಣತನ ಬೇಡ

‘ಉರಿಯುತ್ತಿದೆಯಲ್ಲ, ಇರಲಿ ಬಿಡಿ’ ಎನ್ನುವ ಎಲೆಕ್ಟ್ರಿಷಿಯನ್ ಸಿಕ್ಕರೆ ಬೇರೆಯವರನ್ನು ಹುಡುಕಿ. 1950ರ ದಶಕದ ವೈರೆಂದರೆ ರಬ್ಬರಿನ ಮೇಲೆ ಬಟ್ಟೆ ನೇಯ್ದದ್ದು. ಹೊರಗಿನ ಬಟ್ಟೆ ಚೆನ್ನಾಗಿಯೇ ಕಾಣುತ್ತದೆ. ಒಳಗಿನ ರಬ್ಬರು, ಅದರಲ್ಲೂ ಬಲ್ಬಿನ ಬಿಸಿ ತಾಗುವ ಕೊನೆಯ 10 ಸೆಂ.ಮೀ., ಬಿಸ್ಕತ್ತಿನಂತೆ ಪುಡಿಯಾಗಿರುತ್ತದೆ. ಹೋಲ್ಡರ್ ಹತ್ತಿರ ವೈರನ್ನು ಒಮ್ಮೆ ಬಗ್ಗಿಸಿ ನೋಡಿ. ಕಪ್ಪು ಚೂರು ಉದುರಿದರೆ ಮುಂದಿನ ಪರೀಕ್ಷೆ ಅನಗತ್ಯ.

ವೋಲ್ಟೇಜಿನ ತಲೆನೋವು ಇಲ್ಲ. ಅಲ್ಲೂ ಇಲ್ಲೂ 230 ವೋಲ್ಟ್, 50 ಹರ್ಟ್ಸ್. ತೊಂದರೆ ಇರುವುದು ಬಣ್ಣದಲ್ಲಿ ಮತ್ತು ಅರ್ಥಿಂಗಿನಲ್ಲಿ. ಜರ್ಮನಿಯೂ ಸೇರಿ ಯುರೋಪಿನ ಕೆಲವು ಹಳೆ ವೈರುಗಳಲ್ಲಿ ಕೆಂಪು ಅಂದರೆ ಅರ್ಥ್, ಅಂದರೆ ದೀಪದ ಲೋಹದ ಮೈಗೆ ಕಟ್ಟಿದ ತಂತಿ. ನಮ್ಮಲ್ಲಿ ಕೆಂಪು ಎಂದರೆ ಫೇಸ್. ಬಣ್ಣ ನೋಡಿ ಕೆಂಪಿಗೆ ಕೆಂಪು ಸೇರಿಸಿದರೆ ಇಡೀ ದೀಪಕ್ಕೆ ಕರೆಂಟು ಬರುತ್ತದೆ. ಹಳೆ ವೈರನ್ನು ಉಳಿಸಿಕೊಳ್ಳಬೇಡಿ ಎನ್ನಲು ಇದೊಂದೇ ಕಾರಣ ಸಾಕು.

ಬೇಕಾಗುವ ಸಾಮಾನು: 0.75 ಚದರ ಮಿ.ಮೀ. ಮೂರು ಕೋರಿನ ದುಂಡು ವೈರು (ತೂಗುವ ಎತ್ತರಕ್ಕಿಂತ 30 ಸೆಂ.ಮೀ. ಹೆಚ್ಚು), ಪಿಂಗಾಣಿಯ ಇ27 ಹೋಲ್ಡರು, ಅರ್ಥ್ ತಂತಿಯ ತುದಿಗೆ ಹಾಕುವ ಉಂಗುರದಂಥ ರಿಂಗ್ ಟರ್ಮಿನಲ್ ಒಂದು, ಹಲ್ಲುಳ್ಳ ವಾಷರು, ಕೊಳವೆಯ ಬಾಯಿಗೆ ಹಾಕುವ ಪ್ಲಾಸ್ಟಿಕ್ ಬುಷ್ ಎರಡು, ವೈರನ್ನು ಹಿಡಿದಿಡುವ ಕಾರ್ಡ್ ಗ್ರಿಪ್ ಒಂದು, ತಂತಿ ತುದಿಗೆ ಒತ್ತುವ ಫೆರುಲ್‌ಗಳು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಿಗುತ್ತದೆ.

ಹೋಲ್ಡರನ್ನು ನಮ್ಮ ಪಿನ್ ಹೋಲ್ಡರಿಗೆ ಬದಲಿಸಲು ಹೋಗಬೇಡಿ. ಇ27 ಎಂದರೆ 27 ಮಿ.ಮೀ. ಅಗಲದ ತಿರುಪಿನ ಬಲ್ಬು, ಈಗ ಯಾವ ಅಂಗಡಿಯಲ್ಲೂ ಸಿಗುತ್ತದೆ. ಎಷ್ಟೋ ದೀಪಗಳಲ್ಲಿ ಶೇಡು ನಿಂತಿರುವುದೇ ಹೋಲ್ಡರಿನ ಹೊರಗಿನ ರಿಂಗಿನ ಮೇಲೆ. ಇ27 ಹೋಲ್ಡರಿಗೆ ಶೇಡಿನ ತೂತು ಸುಮಾರು 40 ಮಿ.ಮೀ., ಪಿನ್ ಹೋಲ್ಡರಿಗೆ ಸುಮಾರು 29. ಪಿನ್ ಹೋಲ್ಡರ್ ಹಾಕಿದರೆ ಶೇಡು ಅದರ ಮೇಲಿನಿಂದ ಸಲೀಸಾಗಿ ಜಾರಿ ನೆಲಕ್ಕೆ.

ತ್ರೆಡ್ಡಿನದು ಇನ್ನೊಂದು ಗೋಳು. ಯುರೋಪಿನ ದೀಪಗಳ ಪೈಪು ಸಾಮಾನ್ಯವಾಗಿ ಎಂ10×1, ಅಂದರೆ 10 ಮಿ.ಮೀ. ಅಗಲ, ಒಂದು ಸುತ್ತಿಗೆ 1 ಮಿ.ಮೀ. ಏರಿಕೆ. ಅಂಗಡಿಯವರು ‘ಇದೇ ಸಾರ್’ ಎಂದು ಕೊಡುವ ಕಾಲಿಂಚಿನ ಅರ್ಧ, ಅಂದರೆ ಅರೆಪಾವು ಇಂಚಿನ ಪೈಪ್ ತ್ರೆಡ್ಡು 9.73 ಮಿ.ಮೀ., ಏರಿಕೆ 0.907. ಕೈಯಲ್ಲಿ ಎರಡು ಸುತ್ತು ಸರಾಗವಾಗಿ ಹೋಗುತ್ತದೆ, ಮೂರನೆಯದಕ್ಕೆ ಬಿಗಿಯುತ್ತದೆ. ಆಗ ಸ್ಪಾನರ್ ಹಿಡಿದರೆ ಕೆಲಸ ಕೆಟ್ಟಿತು. ಹಿತ್ತಾಳೆಯ ತ್ರೆಡ್ಡು ಸಿಪ್ಪೆಯಂತೆ ಸುಲಿದು ಬರುತ್ತದೆ. ಹಳೆ ನಟ್ಟನ್ನೇ ಅಂಗಡಿಗೆ ಒಯ್ದು, ಕೈಯಲ್ಲೇ ಕೊನೆತನಕ ತಿರುಗುತ್ತದೆಯೇ ನೋಡಿ ತನ್ನಿ.

ಇನ್ನು ವೈರು ತೂರಿಸುವ ಕೆಲಸ. ಹಳೆ ವೈರನ್ನು ಎಳೆದು ಬಿಸಾಡುವ ಮೊದಲು ಅದರ ತುದಿಗೆ ಗಟ್ಟಿ ನೂಲು ಕಟ್ಟಿ. ವೈರು ಹೊರಬಂದಂತೆ ನೂಲು ಕೊಳವೆಯೊಳಗೆ ಕೂರುತ್ತದೆ, ಅದೇ ನೂಲು ಹೊಸ ವೈರನ್ನು ಎಳೆದು ತರುತ್ತದೆ. ಹೊಸ ವೈರಿನ ಮೂರು ಕೋರುಗಳನ್ನು ಒಂದೇ ಕಡೆ ಕತ್ತರಿಸದೆ ಒಂದರ ಹಿಂದೊಂದು 2 ಸೆಂ.ಮೀ. ಅಂತರದಲ್ಲಿ ಕತ್ತರಿಸಿ ನೂಲಿಗೆ ಬಿಗಿದರೆ ತುದಿ ಚೂಪಾಗುತ್ತದೆ, ಮಧ್ಯದಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಒಂದಿಷ್ಟು ಟಾಲ್ಕಂ ಪೌಡರ್ ಸವರಿ. ಕೊಳವೆಯ ಎರಡೂ ಬಾಯಿಗೆ ಬೆರಳು ಹಾಕಿ ಸವರಿ ನೋಡಿ; ಕತ್ತರಿಸಿದ ಅಂಚು ಬ್ಲೇಡಿನಷ್ಟು ಹರಿತವಿರುತ್ತದೆ. ದುಂಡು ಅರದಿಂದ ಉಜ್ಜಿ, ಬುಷ್ ಹಾಕಿ. ವೈರಿಂಗ್ ಮಾಡಿದ ಎರಡೇ ತಿಂಗಳಿಗೆ ಶಾರ್ಟ್ ಆಗುವ ದೀಪಗಳಲ್ಲಿ ಮೊದಲು ನೋಡಬೇಕಾದ ಜಾಗ ಈ ಬಾಯಿ.

ನಾಲ್ಕೈದು ತೋಳಿನ ದೀಪವಾದರೆ ಮೂರು ಕೋರಿನ ವೈರು ತೋಳಿನೊಳಗೆ ಹೋಗುವುದಿಲ್ಲ. ತೆಳು ಪದರದ, ಬಿಸಿ ತಾಳುವ ಟೆಫ್ಲಾನ್ ವೈರು ಬಿಡಿಬಿಡಿಯಾಗಿ ಎಳೆಯಬೇಕು. ಎಲ್ಲವನ್ನೂ ನಡುವಿನ ಬಟ್ಟಲಿನಲ್ಲಿ ಕನೆಕ್ಟರ್ ಹಾಕಿ ಸೇರಿಸಿ. ತಿರುಚಿ ಕಪ್ಪು ಟೇಪ್ ಸುತ್ತುವ ಪದ್ಧತಿ ಇಲ್ಲಿ ಬೇಡ, ಬಿಸಿಗೆ ಟೇಪಿನ ಅಂಟು ಕರಗಿ ಸುತ್ತು ಬಿಚ್ಚಿಕೊಳ್ಳುತ್ತದೆ. ಎಳೆಎಳೆಯ ತಂತಿಯ ತುದಿಗೆ ಸೀಸದ ಬೆಸುಗೆ ಹಾಕಿ ಸ್ಕ್ರೂ ಬಿಗಿಯುವುದೂ ತಪ್ಪೇ. ಬೆಸುಗೆ ಮೆತ್ತಗಿನ ಲೋಹ. ಒತ್ತಡಕ್ಕೆ ನಿಧಾನವಾಗಿ ಹರಡಿ, ಸ್ಕ್ರೂ ಸಡಿಲವಾಗಿ, ಅಲ್ಲಿ ಬಿಸಿಯೇರುತ್ತದೆ. ಫೆರುಲ್ ಇರುವುದು ಅದಕ್ಕೇ.

ಫೇಸ್ ತಂತಿ ಹೋಲ್ಡರಿನ ನಡುವಿನ ನಾಲಿಗೆಗೆ, ನ್ಯೂಟ್ರಲ್ ತಿರುಪಿನ ಹೊರಕವಚಕ್ಕೆ. ತಿರುವು ಮುರುವಾದರೂ ದೀಪ ಉರಿಯುತ್ತದೆ, ಅದೇ ಅಪಾಯ: ಬಲ್ಬು ಬದಲಿಸುವಾಗ ಬೆರಳು ತಾಗುವುದು ಆ ತಿರುಪಿಗೆ. ಗೋಡೆಯ ಸ್ವಿಚ್ಚು ಫೇಸನ್ನೇ ಕಡಿಯುತ್ತಿದೆಯೇ ಎಂದೂ ನೋಡಿ. ನ್ಯೂಟ್ರಲ್ಲಿಗೆ ಸ್ವಿಚ್ಚು ಹಾಕಿದ ಮನೆಗಳು ಕಡಿಮೆಯೇನಿಲ್ಲ.

ಹಳೆ ದೀಪಗಳು ಬಹುಪಾಲು ಎರಡೇ ತಂತಿಯವು, ಅರ್ಥ್ ಇಲ್ಲ. ಅಲ್ಲಿನ ಒಣ ಮರದ ನೆಲಕ್ಕೆ ಆ ಕಾಲದಲ್ಲಿ ನಡೆಯಿತು. ಒರೆಸಿದ ಮೊಸಾಯಿಕ್ ನೆಲದ ಮೇಲೆ ಬರಿಗಾಲಲ್ಲಿ ನಿಂತು ಹಿತ್ತಾಳೆ ಮುಟ್ಟುವ ನಮಗೆ ನಡೆಯದು. ಸೀಲಿಂಗ್ ಬಟ್ಟಲಿನೊಳಗೆ, ಮುಖ್ಯ ಪೈಪಿನ ನಟ್ಟಿನ ಕೆಳಗೆ ರಿಂಗ್ ಟರ್ಮಿನಲ್ ಕೂರಿಸಿ. ಕೂರಿಸುವ ಜಾಗದ ಲ್ಯಾಕರನ್ನು ಚಾಕುವಿನಿಂದ ಕೆರೆದು ಹಸಿ ಹಿತ್ತಾಳೆ ಕಾಣಿಸಲೇಬೇಕು. ಲ್ಯಾಕರ್ ಕರೆಂಟನ್ನು ಹಾಯಲು ಬಿಡುವುದಿಲ್ಲ, ಅದರ ಮೇಲೆ ಕಟ್ಟಿದ ಅರ್ಥ್ ಬರೀ ಅಲಂಕಾರ. ಹಲ್ಲಿನ ವಾಷರ್ ಹಾಕಿ ಬಿಗಿದ ಮೇಲೆ ಮಲ್ಟಿಮೀಟರಿನ ಒಂದು ಕಡ್ಡಿ ಅರ್ಥ್ ತಂತಿಗೆ, ಇನ್ನೊಂದು ಶೇಡಿನ ಬರಿ ಅಂಚಿಗೆ. 1 ಓಮ್‌ಗಿಂತ ಕಡಿಮೆ ತೋರಿಸಬೇಕು. ಆಮೇಲೆ ತಂತಿಯ ಹೊದಿಕೆಯಿಂದ ಕರೆಂಟು ಸೋರುತ್ತಿದೆಯೇ ಎಂದು ಅಳೆಯುವ 500 ವೋಲ್ಟಿನ ಮೆಗ್ಗರ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ಲನ್ನು ಒಟ್ಟು ಹಿಡಿದು ಮೈಗೆ ಅಳೆದರೆ ಕನಿಷ್ಠ 2 ಮೆಗಾಓಮ್ ಬರಬೇಕು. ಹೊಸ ವೈರಿಗೆ ಅದರ ನೂರು ಪಟ್ಟು ಬರುವುದೇ ವಾಡಿಕೆ. 5–6 ಬಂದರೆ ಪಾಸಾಯಿತೆಂದು ಸುಮ್ಮನಾಗಬೇಡಿ, ಎಲ್ಲೋ ತೇವ ಕೂತಿದೆ.

ಈ ಅಳತೆಗಳು ಗೊತ್ತಿಲ್ಲದವರು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಎದುರಿಗೇ ಅಳೆಸಿ, ಅಂಕಿ ನೋಡಿ.

ತೂಗುಹಾಕುವುದು

ಸ್ವೀಡನ್ನಿನ ಬಾಡಿಗೆ ಮನೆಗೆ ಮೊದಲ ಬಾರಿ ಹೋದವರಿಗೆ ಅಚ್ಚರಿಯಾಗುತ್ತದೆ. ಸೀಲಿಂಗಿನಲ್ಲಿ ಒಂದು ಕೊಕ್ಕೆ, ಪಕ್ಕದಲ್ಲಿ ಒಂದು ಪುಟ್ಟ ಸಾಕೆಟ್ಟು, ಅಷ್ಟೇ. ದೀಪವನ್ನು ಬಾಡಿಗೆದಾರರೇ ತರಬೇಕು, ಬಿಟ್ಟುಹೋಗುವಾಗ ಒಯ್ಯಬೇಕು. ಆದ್ದರಿಂದ ಅಲ್ಲಿನ ದೀಪದ ತಲೆಯಲ್ಲಿ ಕೊಕ್ಕೆಗೆ ಸಿಕ್ಕಿಸುವ ಕಿವಿ ಇರುತ್ತದೆ, ವೈರಿನ ತುದಿಗೆ ಪ್ಲಗ್ಗು ಇರುತ್ತದೆ. ಹಿತ್ತಾಳೆಯ ಬಟ್ಟಲು ಎರಡನ್ನೂ ಮುಚ್ಚುತ್ತದೆ. ಹಳೆ ಮನೆಗಳಲ್ಲಿ ಪ್ಲಗ್ಗಿನ ಬದಲು ತಂತಿಗಳನ್ನು ಒಂದು ಬಿಳಿ ಟರ್ಮಿನಲ್ ಗಟ್ಟಿಗೆ ಬಿಗಿದಿರುತ್ತಾರೆ. ಅದಕ್ಕೆ ಸ್ವೀಡಿಷ್, ಫಿನ್ನಿಷ್ ಎರಡರಲ್ಲೂ ‘ಸಕ್ಕರೆ ತುಂಡು’ ಎಂದೇ ಅಡ್ಡಹೆಸರು. ಹಾಗಾಗಿ ಬಟ್ಟಲು ಕಳೆದುಹೋದ ದೀಪ ಕೊಳ್ಳಬೇಡಿ. ಶೇಡಿಗೆ ಒಪ್ಪುವ ಬಟ್ಟಲು ಆಮೇಲೆ ಹುಡುಕಿದರೆ ಸಿಗುವುದು ಬಲು ಕಷ್ಟ.

ನಮ್ಮಲ್ಲಿ ಆರ್‌ಸಿಸಿ ಹಾಕುವಾಗಲೇ ಬಿಟ್ಟ ಫ್ಯಾನ್ ಹುಕ್ಕು ಇದ್ದರೆ ಅದಕ್ಕಿಂತ ಗಟ್ಟಿ ಜಾಗ ಇನ್ನೊಂದಿಲ್ಲ. ಆದರೆ ಅದು ಊಟದ ಮೇಜಿನ ನೆತ್ತಿಗೆ ಇರುವುದಿಲ್ಲವಲ್ಲ! ಬೇರೆ ಕಡೆ ಹಾಕುವುದಾದರೆ ಸ್ಲ್ಯಾಬಿಗೆ ಲೋಹದ ಆಂಕರ್ ಫಾಸ್ಟನರ್ ಹೊಡೆಯಿರಿ. ಪ್ಲಾಸ್ಟಿಕ್ ರಾಲ್ ಪ್ಲಗ್ ಗೋಡೆಗೆ ಸರಿ, ನೆತ್ತಿಗೆ ಬೇಡ. ಜಿಪ್ಸಂ ಫಾಲ್ಸ್ ಸೀಲಿಂಗ್ ಇದ್ದರೆ ತೂತು ಕೊರೆದು ಮೇಲಿನ ಸ್ಲ್ಯಾಬಿಗೇ ಕಟ್ಟಬೇಕು, 12 ಮಿ.ಮೀ. ಜಿಪ್ಸಂ ಹಾಳೆ ಹಿತ್ತಾಳೆ ಹೊರುವ ವಸ್ತುವಲ್ಲ.

ದೀಪದ ತೂಕದ ನಾಲ್ಕು ಪಟ್ಟನ್ನು ಒಂದು ಗಂಟೆ ತೂಗಿಸಿ ನೋಡುವುದು ದೀಪ ತಯಾರಕರೇ ಪಾಲಿಸುವ ಪರೀಕ್ಷೆ. ಮನೆಯಲ್ಲಿ ಅದಕ್ಕೆ ಬಕೆಟ್ಟು ಸಾಕು. 5 ಕೆ.ಜಿ. ದೀಪಕ್ಕೆ 20 ಲೀಟರ್ ನೀರು ತುಂಬಿದ ಬಕೆಟ್ಟನ್ನು ಆ ಹುಕ್ಕಿಗೆ ಹಗ್ಗದಲ್ಲಿ ಕಟ್ಟಿ ಒಂದು ಗಂಟೆ ಬಿಡಿ, ಕೆಳಗೆ ಯಾರೂ ಓಡಾಡದಂತೆ ನೋಡಿಕೊಳ್ಳಿ. ಆಂಕರ್ ಕೂದಲೆಳೆಯಷ್ಟು ಇಳಿದರೂ ಹೊಸ ತೂತು ಹೊಡೆಯಬೇಕು. ಮತ್ತೆ, ದೀಪದ ಭಾರ ಕಿವಿಯ ಮೇಲೋ ಉಕ್ಕಿನ ಹಗ್ಗದ ಮೇಲೋ ಇರಬೇಕು, ವೈರಿನ ಮೇಲಲ್ಲ. ತೂಗುಹಾಕಿದ ಮೇಲೆ ವೈರು ಸ್ವಲ್ಪ ಸಡಿಲವಾಗಿ ಬಳುಕುತ್ತಿದ್ದರೆ ಸರಿಯಾಗಿದೆ.

ಎತ್ತರ? ಊಟದ ಮೇಜಿನ ಹಲಗೆಯಿಂದ ದೀಪದ ಕೆಳ ಅಂಚಿಗೆ 60ರಿಂದ 70 ಸೆಂ.ಮೀ. ನಮ್ಮವರಿಗೆ ಇದು ತೀರಾ ಕೆಳಗೆ ಅನ್ನಿಸುತ್ತದೆ, ಮೇಲೇರಿಸುತ್ತಾರೆ. ಆಗ ಕೂತವರ ಕಣ್ಣಿಗೆ ಬಲ್ಬು ನೇರ ಕಾಣುತ್ತದೆ, ಆ ದೀಪ ಹುಟ್ಟಿದ ಉದ್ದೇಶವೇ ಮುರಿಯುತ್ತದೆ. ಜನ ಓಡಾಡುವ ಜಾಗದಲ್ಲಾದರೆ ನೆಲದಿಂದ 2.1 ಮೀಟರ್ ಬಿಡಿ. ಫ್ಯಾನಿನ ರೆಕ್ಕೆಗಿಂತ ಮೇಲೆ ದೀಪ ಬಂದರೆ ನೆರಳು ಕೋಣೆಯೆಲ್ಲ ಪಟಪಟ ಹೊಡೆಯುತ್ತದೆ. ಪಕ್ಕದಲ್ಲೇ ಬಂದರೆ ಗಾಳಿಗೆ ದೀಪ ತೂಗಿ ಮೇಲಿನ ನಟ್ಟು ಸಡಿಲುತ್ತದೆ. ಎರಡಕ್ಕೂ ಕನಿಷ್ಠ ಒಂದೂವರೆ ಮೀಟರ್ ದೂರ ಇದ್ದರೆ ಲೇಸು.

ಈಗ ಬೆಳಗುವ ಮಾತು

ಮೊದಲು ಲ್ಯಾಕರ್ ಇದೆಯೇ ಎಂದು ತಿಳಿಯಬೇಕು. ಬಟ್ಟಲಿನ ಒಳಮೈಯಂಥ ಕಾಣದ ಜಾಗದಲ್ಲಿ ಬಿಳಿ ಬಟ್ಟೆಗೆ ಒಂದು ಹನಿ ಪಾಲಿಶ್ ಹಾಕಿ ಉಜ್ಜಿ. ಬಟ್ಟೆ ಕಪ್ಪಾದರೆ ಹಿತ್ತಾಳೆ ಬರಿಮೈಯಲ್ಲಿದೆ. ಬಟ್ಟೆ ಬೆಳ್ಳಗೇ ಉಳಿದರೆ ಮೇಲೆ ಲ್ಯಾಕರ್ ಇದೆ, ಪಾಲಿಶ್ ಅದರ ಮೇಲೆ ಸುಮ್ಮನೆ ಜಾರುತ್ತಿದೆ. ಆ ಕಾಲದ ಕಾರ್ಖಾನೆಯ ದೀಪಗಳಿಗೆ ಬಹುಮಟ್ಟಿಗೆ ಲ್ಯಾಕರ್ ಇದ್ದೇ ಇರುತ್ತದೆ.

ಲ್ಯಾಕರ್ ಗಟ್ಟಿಯಾಗಿದ್ದರೆ ನಿಮ್ಮ ಕೆಲಸ ಹತ್ತು ನಿಮಿಷದ್ದು. ವೈರು ತೆಗೆದ ಬಿಡಿ ಭಾಗಗಳನ್ನು ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಪಾತ್ರೆ ಸೋಪು ಹಾಕಿ, ಮೆತ್ತನೆ ಬ್ರಷ್ಷಿನಲ್ಲಿ ತೊಳೆಯಿರಿ. ತೂತಿನ ಶೇಡಿಗೆ ಬಟ್ಟೆ ಬೇಡ. ಎಳೆ ತೂತಿಗೆ ಸಿಕ್ಕಿ ತಗಡು ಬಾಗುತ್ತದೆ. ತೊಳೆದ ಮೇಲೆ ಹೇರ್ ಡ್ರೈಯರ್ ಹಿಡಿದು ಒಣಗಿಸಿ, ಮುಖ್ಯವಾಗಿ ಶೇಡಿನ ಮಡಿಚಿದ ಅಂಚನ್ನು. ಕೆಲವು ಶೇಡಿನ ಮಡಿಕೆಯೊಳಗೆ ಗಟ್ಟಿತನಕ್ಕೆ ಉಕ್ಕಿನ ತಂತಿ ಇರುತ್ತದೆ. ನೀರು ನಿಂತರೆ ಎರಡು ವಾರದಲ್ಲಿ ತುಕ್ಕಿನ ಕಂದು ನೀರು ಸೋರುತ್ತದೆ.

ಲ್ಯಾಕರ್ ಅಲ್ಲಲ್ಲಿ ಒಡೆದು ಅದರಡಿ ಜೇಡರ ಬಲೆಯಂತೆ ಕಂದು ಗೆರೆ ಹರಡಿದ್ದರೆ ಎರಡೇ ದಾರಿ. ಹಾಗೇ ಬಿಡುವುದು ಒಂದು, ಪೂರ್ತಿ ತೆಗೆಯುವುದು ಇನ್ನೊಂದು. ಅರ್ಧ ತೆಗೆಯುವ ದಾರಿ ಇಲ್ಲ. ಹೆಸರಾಂತರ ದೀಪವಾದರೆ ಹಾಗೇ ಬಿಡಿ, ಆ ಮಾಸಲು ಬಣ್ಣಕ್ಕೇ ಸಂಗ್ರಾಹಕರು ದುಡ್ಡು ಕೊಡುವುದು. ತೆಗೆಯುವುದಾದರೆ ಕಿಟಕಿ ತೆರೆದು, ಬೆಂಕಿ ಹತ್ತಿರ ಇಲ್ಲದಂತೆ ನೋಡಿಕೊಂಡು, ಕೈಗವಸು ಹಾಕಿ, ಹತ್ತಿಯಲ್ಲಿ ಅಸಿಟೋನ್ ಅದ್ದಿ ಒರೆಸಿ. ಒಂದು ಹತ್ತಿಯುಂಡೆ ಒಮ್ಮೆ ಮಾತ್ರ, ಇಲ್ಲವಾದರೆ ಕರಗಿದ ಲ್ಯಾಕರನ್ನೇ ಮತ್ತೆ ಬಳಿದಂತಾಗುತ್ತದೆ.

ಹಸಿರು ಕಿಲುಬು ಕೂತ ಜಾಗಕ್ಕೆ ಅರ್ಧ ಲೀಟರ್ ನೀರಿಗೆ 15 ಗ್ರಾಂ ನಿಂಬೆ ಉಪ್ಪು. ಎರಡು ನಿಮಿಷ, ಅಷ್ಟೇ. ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ಸಾದಾ ನೀರಿನಲ್ಲಿ ತೊಳೆದು ಒಣಗಿಸಿ. ಹುಣಸೆ ಮಾಡುವುದೂ ಇಂಥದೇ ಆಮ್ಲದ ಕೆಲಸ, ಆದರೆ ಎಷ್ಟು ಹುಳಿ ಎಂಬ ಲೆಕ್ಕ ಸಿಗುವುದಿಲ್ಲ, ತಿರುಳು ತೂತುಗಳಲ್ಲಿ ಉಳಿದು ಒಳಗಿಂದೊಳಗೇ ಕೆಲಸ ಮುಂದುವರಿಸುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಹಿತ್ತಾಳೆಯ ಸತು ಕರಗಿ ಮೇಲ್ಮೈಯಲ್ಲಿ ತಾಮ್ರ ಉಳಿಯುತ್ತದೆ, ಹಳದಿ ಶೇಡಿನ ಮೇಲೆ ಗುಲಾಬಿ ಕಲೆ. ಮರಳಿನಂಥ ಪಾತ್ರೆ ಪುಡಿಯೂ ಬೇಡ. ತೂತಿನ ಚೂಪು ಅಂಚುಗಳು ಉರುಟಾದರೆ ಗೋಡೆಯ ಮೇಲೆ ಬೀಳುವ ಚುಕ್ಕಿಗಳ ಅಂದವೇ ಮಸುಕಾಗುತ್ತದೆ. ಪಾಲಿಶ್ ಮಾಡಲೇಬೇಕಿದ್ದರೆ ಅಮೋನಿಯ ಇಲ್ಲದ್ದನ್ನು ಆರಿಸಿ. ತೂತಿನಲ್ಲಿ ಕೂತ ಬಿಳಿ ಗಸಿಯನ್ನು ಒಣಗುವ ಮೊದಲೇ ಬ್ರಷ್ಷಿನಿಂದ ತೆಗೆಯಿರಿ. ಗಟ್ಟಿಯಾದ ಮೇಲೆ ಒಂದೊಂದೇ ತೂತನ್ನು ಹಲ್ಲುಕಡ್ಡಿಯಲ್ಲಿ ಕೆದಕಬೇಕು, ಒಂದು ಶೇಡಿನಲ್ಲಿ ನೂರಾರು ತೂತು.

ಬೆಂಗಳೂರು, ಮೈಸೂರಿನ ಹವೆಯಲ್ಲಿ ಮೈಕ್ರೊಕ್ರಿಸ್ಟಲಿನ್ ಮೇಣ ತೆಳುವಾಗಿ ಸವರಿದರೆ ಸಾಕು, ವರ್ಷಕ್ಕೊಮ್ಮೆ. ಮಂಗಳೂರು, ಕಾರವಾರದ ಉಪ್ಪು ಗಾಳಿಗೆ ಮೇಣ ಸಾಲದು. ತಾಮ್ರ ಲೋಹಗಳಿಗೆಂದೇ ಇರುವ ಇನ್‌ಕ್ರಾಲಾಕ್‌ನಂಥ ಅಕ್ರಿಲಿಕ್ ಲ್ಯಾಕರನ್ನು ಎರಡು ತೆಳು ಪದರ ಹೊಡೆಯಿರಿ, ಮಳೆಯಿಲ್ಲದ ದಿನ. ತೇವದ ದಿನ ಹೊಡೆದರೆ ಲ್ಯಾಕರ್ ಹಾಲು ಬಿದ್ದಂತೆ ಬೆಳ್ಳಗಾಗುತ್ತದೆ. ಹೊಡೆಯುವ ಮೊದಲು ಅಸಿಟೋನಿನಲ್ಲಿ ಒರೆಸಿ, ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಚ್ಚು ಲ್ಯಾಕರಿನಡಿ ಸಿಕ್ಕಿಕೊಂಡು ಆರು ತಿಂಗಳಲ್ಲಿ ಸ್ಪಷ್ಟವಾಗಿ ಮೂಡುತ್ತದೆ, ಕಳ್ಳನನ್ನೇ ಹಿಡಿಯಬಹುದು ಅಷ್ಟು.

ಬಲ್ಬಿನ ವಿಷಯದಲ್ಲಿ ಜನ ಎಡವುವುದು ಜಾಸ್ತಿ. ಹೋಲ್ಡರಿನ ಬಳಿ ‘ಮ್ಯಾಕ್ಸ್ 60 ವ್ಯಾಟ್’ ಎಂದಿರುವುದು ಆ ಕಾಲದ ತಂತಿ ಬಲ್ಬಿನ ಲೆಕ್ಕ. 60 ವ್ಯಾಟಿನ ಎಲ್‌ಇಡಿ ಹಾಕಿ ಎಂದಲ್ಲ. ಆ 60 ವ್ಯಾಟಿನ ಬೆಳಕು ಸುಮಾರು 800 ಲ್ಯೂಮೆನ್, 7–8 ವ್ಯಾಟಿನ ಎಲ್‌ಇಡಿಗೆ ಸಮ. ಮೇಜಿನ ಮೇಲೆ ಅದರ ಅರ್ಧ ಸಾಕು. ಬಣ್ಣ 2700 ಕೆಲ್ವಿನ್ ಇರಲಿ. ನಮ್ಮ ಅಂಗಡಿಗಳಲ್ಲಿ ಕೇಳದೆಯೇ ಕೊಡುವ 6500 ಕೆಲ್ವಿನ್ನಿನ ಬಿಳಿ ಬಲ್ಬನ್ನು ಹಿತ್ತಾಳೆಯೊಳಗೆ ಹಾಕಿದರೆ ಶೇಡಿನ ಒಳಮೈ ನೀಲಿಯನ್ನು ನುಂಗಿ ಹಳದಿಯನ್ನಷ್ಟೇ ಹಿಂದಿರುಗಿಸುತ್ತದೆ. ನೇರವಾಗಿ ಬೀಳುವ ಬೆಳಕು ನೀಲಿ, ಪ್ರತಿಫಲಿಸಿ ಬರುವುದು ಹಸಿರು ಮಿಶ್ರಿತ ಹಳದಿ, ಅನ್ನ-ಸಾರು ಎರಡೂ ಕಳೆಗುಂದುತ್ತವೆ.

ತೂತಿನ ಶೇಡಾದರೆ ಪಾರದರ್ಶಕ ಗಾಜಿನ ಫಿಲಮೆಂಟ್ ಎಲ್‌ಇಡಿ ಹಾಕಿ ನೋಡಿ. ಬೆಳಕು ಹೊಮ್ಮುವ ಜಾಗ ಚಿಕ್ಕದಾದಷ್ಟೂ ಗೋಡೆಯ ಮೇಲಿನ ಚುಕ್ಕಿಗಳ ಅಂಚು ಚೂಪು. ಹಾಲುಗಾಜಿನ ಬಲ್ಬಿಗೆ ಅವೇ ಚುಕ್ಕಿಗಳು ಕಲೆಸಿ ಬರೀ ಮಬ್ಬು ಬೆಳಕಾಗುತ್ತದೆ. ಶೇಡು ಮೇಲ್ಗಡೆ ಮುಚ್ಚಿದ್ದರೆ ಬಿಸಿ ಗಾಳಿ ಅಲ್ಲೇ ನಿಂತು ಎಲ್‌ಇಡಿಯ ಡ್ರೈವರ್ (ಬಲ್ಬಿನೊಳಗಿನ ಸರ್ಕ್ಯೂಟ್) ಬೇಗ ಸುಡುತ್ತದೆ. ಅಂಥ ದೀಪಕ್ಕೆ 5 ವ್ಯಾಟ್ ಮೀರಬೇಡಿ. ಬಟ್ಟಲಿನಂತೆ ಬಾಯಿ ಮೇಲಿರುವ ಶೇಡಾದರೆ ಮಳೆಗಾಲದ ಹುಳಗಳು ಒಳಗೆ ಬಿದ್ದು ಒಣಗುತ್ತವೆ. ವಾರಕ್ಕೊಮ್ಮೆ ಸ್ವಿಚ್ಚು ಆರಿಸಿ ಬ್ರಷ್ಷಿನಲ್ಲಿ ಗುಡಿಸಿ. ಸತ್ತ ಹುಳದ ಆಮ್ಲವೂ ಹಿತ್ತಾಳೆಗೆ ಚುಕ್ಕೆ ಬರೆಯುತ್ತದೆ.

ಹಾಕಿದ ಒಂದು ತಿಂಗಳಿಗೆ ಮೇನ್ ಆಫ್ ಮಾಡಿ, ಏಣಿ ಹಾಕಿ ಹತ್ತಿ, ಬಟ್ಟಲು ಇಳಿಸಿ ಮುಖ್ಯ ನಟ್ಟನ್ನೂ ಟರ್ಮಿನಲ್ ಸ್ಕ್ರೂಗಳನ್ನೂ ಒಮ್ಮೆ ಮುಟ್ಟಿ ನೋಡಿ. ಹೊಸ ತಂತಿ ಒತ್ತಡಕ್ಕೆ ಕೂತು ಕಾಲು ಸುತ್ತಿನಷ್ಟು ಸಡಿಲಾಗಿರುವುದು ಸಾಮಾನ್ಯ. ಬಿಗಿದು, ಬಟ್ಟಲು ಏರಿಸಿ ಇಳಿಯಿರಿ.